ಗಾಲ್ಫ್ ಚೆಂಡಿನ ಮೇಲೆ ನಿಮ್ಮ ಲೋಗೋ: ಮುದ್ರಣ ಮತ್ತು ಡಬ್ಬಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲೋಗೋ ಹಾಕಿದ ಗಾಲ್ಫ್ ಚೆಂಡು ಕೇಳಿಕೊಂಡು ನಮ್ಮಲ್ಲಿಗೆ ಬರುವವರಲ್ಲಿ ಬಹಳ ಮಂದಿ ಗಾಲ್ಫ್ ಆಡುವವರೇ ಅಲ್ಲ. ಕಂಪನಿ ಟೂರ್ನಮೆಂಟಿಗೆ ಓಡಾಡುವ ಅಡ್ಮಿನ್‌ನವರು, ದೀಪಾವಳಿ ಗಿಫ್ಟಿನ ಜವಾಬ್ದಾರಿ ತಲೆಗೆ ಬಿದ್ದ ಎಚ್‌ಆರ್‌ನವರು, ಅಪ್ಪನ ನಿವೃತ್ತಿಗೆ ಏನಾದರೂ ಬೇರೆ ಥರದ್ದು ಕೊಡೋಣ ಎಂದುಕೊಂಡ ಮಕ್ಕಳು. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ, ಹಾಗಾಗಿ ಬರೆದಿಟ್ಟಿದ್ದೇವೆ. ಮೊದಲೇ ಒಂದು ಮಾತು: ಚೆಂಡಿನ ಮೇಲೆ ಅಚ್ಚು ಬೀಳಲು ಕೆಲವೇ ಕ್ಷಣ ಸಾಕು. ದಿನಗಳು ಹೋಗುವುದು ಫೈಲು ಸರಿಮಾಡುವುದರಲ್ಲಿ, ಇಂಕ್ ಆರುವುದರಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಡಬ್ಬಿಯಲ್ಲಿ.

ಚೆಂಡನ್ನೂ ಬೆಂಗಳೂರಲ್ಲೇ ಮಾಡ್ತೀರಾ?

ಇಲ್ಲ. ಚೆಂಡು ತಯಾರಾಗಿಯೇ ಬರುತ್ತದೆ. ದೊಡ್ಡ ಬ್ರ್ಯಾಂಡುಗಳ ಕಾರ್ಖಾನೆಗಳು ಅಮೆರಿಕ, ಥಾಯ್ಲೆಂಡ್, ತೈವಾನ್, ಕೊರಿಯಾ, ಚೀನಾಗಳಲ್ಲಿವೆ. ಇಲ್ಲಿ ನಡೆಯುವುದು ಮುದ್ರಣ ಮತ್ತು ಡಬ್ಬಿಯ ಕೆಲಸ. ದೊಡ್ಡ ಆರ್ಡರ್ ಇದ್ದರೆ ಕೆಲವು ಬ್ರ್ಯಾಂಡುಗಳು ಕಾರ್ಖಾನೆಯಲ್ಲೇ ಲೋಗೋ ಹಾಕಿ ಕಳಿಸುತ್ತವೆ. ಅಲ್ಲಿರುವ ಅನುಕೂಲವೆಂದರೆ ಲೋಗೋ ಮೊದಲು, ಅದರ ಮೇಲೆ ಪಾರದರ್ಶಕ ಕೋಟಿಂಗ್ ಆಮೇಲೆ. ನಾವು ಹಾಕುವುದು ಕೋಟಿಂಗ್ ಆದ ಚೆಂಡಿನ ಮೇಲೆ. ಈ ವ್ಯತ್ಯಾಸ ಮುಂದೆ ಬಾಳಿಕೆಯ ಪ್ರಶ್ನೆಯಲ್ಲಿ ಮತ್ತೆ ಬರುತ್ತದೆ.

ಚೆಂಡಿನ ಒಳಗೆ ಏನಿರುತ್ತದೆ?

ನಡುವೆ ಪಾಲಿಬ್ಯುಟಡೈನ್ ಎಂಬ ಸಿಂಥೆಟಿಕ್ ರಬ್ಬರಿನ ಗುಂಡು. ರಬ್ಬರಿಗೆ ಜಿಂಕ್ ಡೈಆಕ್ರಿಲೇಟ್ ಮತ್ತು ಪೆರಾಕ್ಸೈಡ್ ಬೆರೆಸಿ, ಅಚ್ಚಿನಲ್ಲಿಟ್ಟು, ಬಿಸಿ ಮತ್ತು ಒತ್ತಡ ಕೊಟ್ಟಾಗ ಅದು ಪುಟಿಯುವ ಗಟ್ಟಿ ಗುಂಡಾಗುತ್ತದೆ. ಅದರ ಮೇಲೆ ಹೊದಿಕೆ. ಕಡಿಮೆ ಬೆಲೆಯ ಟೂ-ಪೀಸ್ (ಗುಂಡು, ಹೊದಿಕೆ ಎರಡೇ ಇರುವ) ಚೆಂಡಿಗೆ ಅಯನೋಮರ್ ಎಂಬ ಪ್ಲಾಸ್ಟಿಕ್ಕಿನ ಹೊದಿಕೆ. ಸರ್ಲಿನ್ ಎಂಬ ಅದರ ಬ್ರ್ಯಾಂಡ್ ಹೆಸರು ಕೇಳಿರಬಹುದು. ಇದು ಗಟ್ಟಿ, ಗೀರು ಬೀಳುವುದು ಕಡಿಮೆ. ದುಬಾರಿ ಚೆಂಡುಗಳಲ್ಲಿ ಗುಂಡಿಗೂ ಹೊದಿಕೆಗೂ ನಡುವೆ ಒಂದೋ ಎರಡೋ ಪದರ ಇದ್ದು, ಹೊರಗೆ ತೆಳುವಾದ, ಮೆತ್ತಗಿನ ಯುರೆಥೇನ್ ಇರುತ್ತದೆ. ಗ್ರೀನ್, ಅಂದರೆ ಚೆಂಡು ಬೀಳಿಸುವ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಹತ್ತಿರದ ಹೊಡೆತಗಳಲ್ಲಿ ಸ್ಪಿನ್ ಚೆನ್ನಾಗಿ ಸಿಗುವುದು ಇದರಿಂದ.

ಹಿಂದೆ ಹೀಗಿರಲಿಲ್ಲ. ನಮ್ಮೂರಿನ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ 1876ರ ಕಾಲಕ್ಕೆ ಜಗತ್ತು ಆಡುತ್ತಿದ್ದದ್ದು ಗಟಾಪರ್ಚಾ ಚೆಂಡು, ಅಂದರೆ ಮರದ ಹಾಲು ಗಟ್ಟಿಯಾಗಿ ಆದದ್ದು. ರಬ್ಬರ್ ದಾರ ಸುತ್ತಿದ ಹ್ಯಾಸ್ಕೆಲ್ ಚೆಂಡು ಬಂದದ್ದು 1898ರಲ್ಲಿ. ಈಗ ಕಾಣುವ ಡಿಂಪಲ್ ಗುಳಿಗಳಿಗೆ ಇಂಗ್ಲೆಂಡಿನ ವಿಲಿಯಂ ಟೇಲರ್ ಪೇಟೆಂಟ್ ಕೋರಿದ್ದು 1905ರಲ್ಲಿ. ಮುದ್ರಕರ ನಿದ್ದೆ ಕೆಡಿಸಿದ್ದು ಆ ಗುಳಿಗಳೇ.

ಗಿಫ್ಟ್ ಕೊಡಲು ಯಾವ ಚೆಂಡು ಆರಿಸಲಿ?

ಪಡೆಯುವವರು ಆಡುತ್ತಾರಾ, ಇಲ್ಲವಾ ಎಂದು ಮೊದಲು ವಿಚಾರಿಸಿ. ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಶನ್) ಸದಸ್ಯರೊಬ್ಬರಿಗೆ ಅಗ್ಗದ ಚೆಂಡಿನ ಮೇಲೆ ಚೆಂದದ ಲೋಗೋ ಹಾಕಿ ಕೊಟ್ಟರೆ ಅದು ಪ್ರಾಕ್ಟೀಸ್ ಬ್ಯಾಗ್ ಸೇರುತ್ತದೆ. ಟೇಬಲ್ ಮೇಲೆ ಇಟ್ಟುಕೊಳ್ಳುವವರಿಗೆ ಯುರೆಥೇನ್ ಚೆಂಡು ಕೊಡುವುದು ದುಡ್ಡು ದಂಡ. ಟೂರ್ನಮೆಂಟಿಗೆ ಎಲ್ಲರಿಗೂ ಹಂಚುವುದಾದರೆ ಪರಿಚಿತ ಬ್ರ್ಯಾಂಡಿನ ಟೂ-ಪೀಸ್ ಸಾಕು ಎನ್ನುವುದು ನಮ್ಮ ಅನಿಸಿಕೆ.

ಉಂಡೆ ಆಕಾರದ ಮೇಲೆ ಅಚ್ಚು ಹೇಗೆ ಬೀಳುತ್ತದೆ?

ಹೆಚ್ಚಿನ ಕೆಲಸ ಪ್ಯಾಡ್ ಪ್ರಿಂಟಿಂಗ್‌ನಲ್ಲಿ. ಲೋಗೋವನ್ನು ಮೊದಲು ಪ್ಲೇಟಿಗೆ ಇಳಿಸುತ್ತೇವೆ. ಪ್ಲೇಟು ಉಕ್ಕಿನದ್ದು ಅಥವಾ ಬೆಳಕು ತಾಗಿದರೆ ಗಟ್ಟಿಯಾಗುವ ಪಾಲಿಮರ್‌ನದ್ದು. ಅದರಲ್ಲಿ ಲೋಗೋದ ಆಕಾರ ಸುಮಾರು 25 ಮೈಕ್ರಾನ್, ಅಂದರೆ ಮಿಲಿಮೀಟರಿನ ನಲವತ್ತನೇ ಒಂದು ಪಾಲಿನಷ್ಟು ತಗ್ಗಾಗಿರುತ್ತದೆ. ಇಂಕ್ ತುಂಬಿದ ಬಟ್ಟಲು ಬೋರಲಾಗಿ ಪ್ಲೇಟಿನ ಮೇಲೆ ಜಾರುತ್ತದೆ. ಅದರ ಅಂಚು ಮೇಲಿನ ಇಂಕನ್ನೆಲ್ಲ ಒರೆಸಿಕೊಂಡು ಹೋಗುವುದರಿಂದ ತಗ್ಗಿನಲ್ಲಿದ್ದದ್ದು ಮಾತ್ರ ಉಳಿಯುತ್ತದೆ. ಆಗ ಮೇಲಿಂದ ಸಿಲಿಕೋನ್ ಪ್ಯಾಡ್ ಇಳಿದು ಆ ಇಂಕನ್ನು ಎತ್ತಿಕೊಂಡು, ಪಕ್ಕಕ್ಕೆ ಸರಿದು, ಚೆಂಡಿನ ಮೇಲೆ ಒತ್ತುತ್ತದೆ.

ಪ್ಯಾಡಿಗೆ ಅಂಟಿದ ಇಂಕ್ ಚೆಂಡಿಗೆ ಏಕೆ ಬಿಟ್ಟುಕೊಡುತ್ತದೆ ಎಂದು ಮೆಷಿನ್ ನೋಡಲು ಬಂದವರೆಲ್ಲ ಕೇಳುತ್ತಾರೆ. ಗುಟ್ಟು ಇಂಕಿನಲ್ಲಿರುವ ದ್ರಾವಕದ್ದು. ಪ್ಲೇಟಿನ ತಗ್ಗಿನಲ್ಲಿ ಇಂಕ್ ಗಾಳಿಗೆ ತೆರೆದುಕೊಂಡಾಗ ಮೇಲ್ಮೈಯ ದ್ರಾವಕ ಆರಿ, ಆ ಪದರ ಅಂಟಂಟಾಗುತ್ತದೆ. ಪ್ಯಾಡಿಗೆ ಹಿಡಿಯುವುದು ಅದು. ಪ್ಯಾಡ್ ಮೇಲೆದ್ದು ಚೆಂಡಿನತ್ತ ಹೋಗುವಷ್ಟರಲ್ಲಿ ಇಂಕಿನ ಇನ್ನೊಂದು ಮುಖ ಅಂಟಂಟಾಗುತ್ತದೆ. ಚೆಂಡಿಗೆ ಹಿಡಿಯುವುದು ಇದು. ಸಿಲಿಕೋನ್ ತಾನಾಗಿ ಯಾವುದನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುವ ಜಾತಿಯಲ್ಲ, ಬಿಟ್ಟುಕೊಡುತ್ತದೆ. ಇಡೀ ಕಲೆ ಇರುವುದು ಈ ಆರುವಿಕೆಯ ಲೆಕ್ಕದಲ್ಲಿ. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಇಂಕ್ ಪ್ಲೇಟಿನಲ್ಲೇ ಒಣಗಿ ಕೂರುತ್ತದೆ, ಜುಲೈ ಜಡಿಮಳೆಯಲ್ಲಿ ಆರುವುದೇ ಇಲ್ಲ. ಮೆಷಿನ್ ಆಪರೇಟರ್ ತಿನ್ನರ್ ಹನಿಗಳನ್ನು ಹವಾ ನೋಡಿಕೊಂಡೇ ಹಾಕುತ್ತಾರೆ.

ಪ್ಯಾಡ್ ಚಪ್ಪಟೆ ಇರುವುದಿಲ್ಲ, ಗುಮ್ಮಟದ ಹಾಗೆ ತುದಿ ಉಬ್ಬಿರುತ್ತದೆ. ನಡುವಿನಿಂದ ಹೊರಕ್ಕೆ ಉರುಳುತ್ತಾ ಒತ್ತುವುದರಿಂದ ಮಧ್ಯೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಡಿಂಪಲ್ ಗುಳಿಯ ಆಳ ಕಾಲು ಮಿಲಿಮೀಟರ್ ಆಸುಪಾಸು. ಮೆತ್ತನೆಯ ಪ್ಯಾಡ್ ಆ ಗುಳಿಯ ತಳಕ್ಕೂ ಇಳಿದು ಇಂಕ್ ಮುಟ್ಟಿಸುತ್ತದೆ. ಗಟ್ಟಿ ಪ್ಯಾಡ್ ಹಾಕಿದರೆ ಗುಳಿಗಳ ಜಾಗ ಬಿಳಿಯಾಗಿಯೇ ಉಳಿದು, ಲೋಗೋ ಜರಡಿ ಹಿಡಿದ ಹಾಗೆ ಕಾಣುತ್ತದೆ.

ಒಂದು ಬಣ್ಣಕ್ಕೆ ಒಂದು ಪ್ಲೇಟು. ಮೂರು ಬಣ್ಣದ ಲೋಗೋ ಎಂದರೆ ಚೆಂಡು ಅಲುಗಾಡದಂತೆ ಹಿಡಿಕೆಯಲ್ಲಿ ಕೂತು ಮೂರು ಸಲ ಒತ್ತಿಸಿಕೊಳ್ಳಬೇಕು. ಕೂದಲೆಳೆಯಷ್ಟು ಸರಿದರೂ ಬಣ್ಣಗಳ ನಡುವೆ ಬಿಳಿ ಗೆರೆ ಇಣುಕುತ್ತದೆ. ಬಣ್ಣ ಕಡಿಮೆ ಮಾಡಿ ಎಂದು ನಾವು ಪೀಡಿಸುವುದು ಇದಕ್ಕೇ, ಸೋಮಾರಿತನಕ್ಕಲ್ಲ.

ಡಿಜಿಟಲ್ ಪ್ರಿಂಟ್ ಅಂತಾರಲ್ಲ, ಅದು ಬೇರೆಯಾ?

ಬೇರೆ. ಅದು ಯುವಿ (ಅತಿನೇರಳೆ ಬೆಳಕಿನ) ಇಂಕ್‌ಜೆಟ್. ಚೆಂಡುಗಳನ್ನು ಗುಳಿಯಿರುವ ಟ್ರೇಯಲ್ಲಿ ಸಾಲಾಗಿ ಕೂರಿಸುತ್ತಾರೆ. ಪ್ರಿಂಟರ್ ತಲೆ ಮೇಲಿಂದ ಹಾದುಹೋಗುತ್ತಾ ಹನಿ ಸಿಂಪಡಿಸುತ್ತದೆ, ಹಿಂದೆಯೇ ಬರುವ ಯುವಿ ಎಲ್‌ಇಡಿ ಬೆಳಕು ಆ ಹನಿಯನ್ನು ಕೂಡಲೇ ಗಟ್ಟಿ ಮಾಡುತ್ತದೆ. ಪ್ಲೇಟಿನ ಖರ್ಚಿಲ್ಲ, ಎಷ್ಟು ಬಣ್ಣವಾದರೂ ಸರಿ, ಫೋಟೋ ಕೂಡ ಬರುತ್ತದೆ, ಪ್ರತಿ ಚೆಂಡಿಗೂ ಬೇರೆ ಬೇರೆ ಹೆಸರು ಹಾಕಬಹುದು. ತೊಂದರೆ ಏನೆಂದರೆ ಪ್ರಿಂಟರ್ ತಲೆ ಚೆಂಡಿನ ನೆತ್ತಿಗೆ ಹತ್ತಿರ, ಇಳಿಜಾರಿಗೆ ದೂರ. ದೂರ ಹೆಚ್ಚಾದಷ್ಟೂ ಹನಿ ಗುರಿ ತಪ್ಪಿ ಅಂಚು ಮಸುಕಾಗುತ್ತದೆ.

ನನಗೆ ಯಾವುದು ಸೂಕ್ತ?

ಒಂದೆರಡು ಡಜನ್, ಫೋಟೋ, ಹೆಸರುಗಳು: ಡಿಜಿಟಲ್. ನೂರಾರು ಚೆಂಡು, ಒಂದೋ ಎರಡೋ ಗಟ್ಟಿ ಬಣ್ಣ, ಚೂಪಾದ ಅಕ್ಷರ: ಪ್ಯಾಡ್.

ಲೋಗೋ ಎಷ್ಟು ದೊಡ್ಡದಾಗಿ ಹಾಕಬಹುದು?

ಸುಮಾರು 20 ಮಿಲಿಮೀಟರ್ ಅಗಲದ ವೃತ್ತದೊಳಗೆ ಇರಲಿ. ಚೆಂಡಿನ ವ್ಯಾಸವೇ 42.67 ಮಿಲಿಮೀಟರ್, ನಿಯಮದ ಪ್ರಕಾರ ಅದಕ್ಕಿಂತ ಚಿಕ್ಕದಿರುವಂತಿಲ್ಲ. 20 ಮಿಲಿಮೀಟರಿಗಿಂತ ದೊಡ್ಡ ಲೋಗೋ ಎಂದರೆ ನಿಂಬೆಹಣ್ಣಿಗೆ ಚಪ್ಪಟೆ ಕಾಗದ ಸುತ್ತಿದ ಹಾಗೆ, ಅಂಚಿನಲ್ಲಿ ಎಲ್ಲೋ ಒಂದು ಕಡೆ ಕೆಡುತ್ತದೆ. ಉದ್ದನೆಯ ಹೆಸರುಗಳ ಕಂಪನಿಗಳಿಗೆ ಇದು ಬೇಸರದ ಸುದ್ದಿ. ಅಡ್ಡ ಉದ್ದಕ್ಕೆ ಹರಡಿದ ಲೋಗೋಗಿಂತ ಚೌಕ ಅಥವಾ ದುಂಡಗಿನ ಲೋಗೋ ಚೆಂಡಿಗೆ ಒಪ್ಪುತ್ತದೆ. ಹೆಸರನ್ನು ಎರಡು ಸಾಲಿಗೆ ಮಡಚಲು ನಿಮ್ಮ ಬ್ರ್ಯಾಂಡ್ ತಂಡ ಒಪ್ಪುತ್ತದೆಯೇ ಕೇಳಿ ನೋಡಿ; ಒಪ್ಪದಿದ್ದರೆ ಚಿಹ್ನೆ ಮಾತ್ರ ಚೆಂಡಿಗೆ, ಪೂರ್ತಿ ಹೆಸರು ಡಬ್ಬಿಗೆ.

ಲೋಗೋ ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕಾ?

ಸಾಲದು. ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ವೆಬ್‌ಸೈಟಿನಿಂದ ಸ್ಕ್ರೀನ್‌ಶಾಟ್ ತೆಗೆದು ಕಳಿಸುವವರೂ ಇದ್ದಾರೆ. ಬೇಕಾದದ್ದು ವೆಕ್ಟರ್ ಫೈಲು, ಅಂದರೆ ಚುಕ್ಕೆಗಳ ಬದಲು ಗೆರೆಗಳಿಂದಾದ, ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರ: ಎಐ (ಇಲ್ಲಸ್ಟ್ರೇಟರ್ ಫೈಲು), ಇಪಿಎಸ್, ಎಸ್‌ವಿಜಿ ಅಥವಾ ವೆಕ್ಟರ್ ಪಿಡಿಎಫ್. ನಿಮ್ಮ ಬಳಿ ಇಲ್ಲದಿದ್ದರೆ ಮೊದಲು ಲೋಗೋ ಮಾಡಿಕೊಟ್ಟ ಡಿಸೈನರ್ ಬಳಿ ಇದ್ದೇ ಇರುತ್ತದೆ, ಹಳೆಯ ಮೇಲ್ ಹುಡುಕಿ. ಜೆಪೆಗ್ ಚಿತ್ರವನ್ನು ಪಿಡಿಎಫ್ ಒಳಗೆ ತುರುಕಿದರೆ ಅದು ವೆಕ್ಟರ್ ಆಗುವುದಿಲ್ಲ. ಈ ಒಂದು ವಾಕ್ಯವನ್ನು ದಿನಕ್ಕೊಮ್ಮೆಯಾದರೂ ಫೋನಿನಲ್ಲಿ ಹೇಳುತ್ತೇವೆ. ಬೇರೆ ದಾರಿಯೇ ಇಲ್ಲದಿದ್ದರೆ ನಾವೇ ಕೂತು ಗೆರೆ ಎಳೆದು ತೆಗೆಯುತ್ತೇವೆ, ಅದಕ್ಕೆ ಸಮಯ ಮತ್ತು ಹಣ ಎರಡೂ ಹಿಡಿಯುತ್ತದೆ.

ಕನ್ನಡದಲ್ಲಿ ಹೆಸರು ಹಾಕಿಸಬಹುದಾ?

ಖಂಡಿತ. ರಾಜ್ಯೋತ್ಸವ ಹತ್ತಿರ ಬಂದರೆ ಕೆಂಪು-ಹಳದಿ ಜೊತೆ ಕನ್ನಡ ಅಕ್ಷರ ಕೇಳುವವರು ಹೆಚ್ಚುತ್ತಾರೆ, ನಮಗೂ ಖುಷಿಯ ಕೆಲಸ. ಆದರೆ ಕನ್ನಡಕ್ಕೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ಸಾಲಿನ ಕೆಳಗೆ ಒತ್ತಕ್ಷರ, ಮೇಲೆ ಗುಣಿತ, ಪಕ್ಕದಲ್ಲಿ ಅರ್ಕಾವತ್ತು. "ರಾಷ್ಟ್ರೀಯ" ಎಂದು ಬರೆದು ನೋಡಿ: ಷಕಾರದ ಕೆಳಗೆ ಎರಡು ಒತ್ತು, ಮೇಲೆ ಈಕಾರ, ಎಲ್ಲ ಒಂದೇ ಕಂಬದಲ್ಲಿ. 20 ಮಿಲಿಮೀಟರ್ ಜಾಗದಲ್ಲಿ ಎರಡು ಸಾಲು ಕೂರಿಸಿದರೆ ಆ ಒತ್ತುಗಳ ಒಳಗಿನ ಬಿಳಿ ಜಾಗ ಇಂಕ್ ತುಂಬಿ ಮುಚ್ಚಿಹೋಗುತ್ತದೆ. ಗೆರೆಯ ದಪ್ಪವಾಗಲಿ, ಗೆರೆಗಳ ನಡುವಿನ ಖಾಲಿ ಜಾಗವಾಗಲಿ 0.3 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಎಂಬುದು ನಾವು ಇಟ್ಟುಕೊಂಡ ಅಳತೆ. ತೀರಾ ದಪ್ಪ ಬೋಲ್ಡ್ ಅಕ್ಷರವೂ ಬೇಡ, ಮದುವೆ ಪತ್ರಿಕೆಯ ಬಳ್ಳಿ ಅಕ್ಷರವೂ ಬೇಡ. ಏಕದಪ್ಪದ ಸರಳ ಅಕ್ಷರ ಚೆಂಡಿನ ಮೇಲೆ ಎದ್ದು ಕಾಣುತ್ತದೆ.

ಇನ್ನೊಂದು ಪಾಡು ಫಾಂಟಿನದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ಚಿತ್ರವಿಚಿತ್ರ ಗುರುತುಗಳಾಗುತ್ತವೆ. ಯೂನಿಕೋಡ್‌ನಲ್ಲಿದ್ದರೂ ಡಿಸೈನ್ ತಂತ್ರಾಂಶದಲ್ಲಿ ಭಾರತೀಯ ಭಾಷೆಗಳ ಆಯ್ಕೆ ಆನ್ ಮಾಡದಿದ್ದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಅರ್ಧಾಕ್ಷರವಾಗಿ ನಿಂತುಬಿಡುತ್ತದೆ. ಆದ್ದರಿಂದ ಕಳಿಸುವ ಮೊದಲು ಅಕ್ಷರಗಳನ್ನು ಔಟ್‌ಲೈನ್‌ಗೆ (ಫಾಂಟ್ ಬೇಡದ ಬರೀ ಗೆರೆಯ ಆಕಾರಕ್ಕೆ) ಬದಲಿಸಿ, ಜೊತೆಗೆ ಹೇಗೆ ಕಾಣಬೇಕು ಎಂಬುದರ ಒಂದು ಚಿತ್ರವನ್ನೂ ಕಳಿಸಿ. ಪ್ರೂಫ್ (ಮುದ್ರಣಕ್ಕೆ ಮೊದಲು ನಿಮ್ಮ ಒಪ್ಪಿಗೆಗೆ ಕಳಿಸುವ ಮಾದರಿ) ಬಂದಾಗ ಮನೆಯಲ್ಲಿ ಕನ್ನಡ ಓದುವ ಹಿರಿಯರೊಬ್ಬರಿಗೆ ತೋರಿಸಿ ಒಪ್ಪಿಗೆ ಕೊಡಿ. ಅಲ್ಪಪ್ರಾಣ, ಮಹಾಪ್ರಾಣದ ತಪ್ಪು ನೂರಾರು ಚೆಂಡಿನ ಮೇಲೆ ಬಿದ್ದ ಮೇಲೆ ಒರೆಸಲು ಬರುವುದಿಲ್ಲ.

ಬಣ್ಣ ಡಿಟ್ಟೋ ನಮ್ಮ ಬ್ರ್ಯಾಂಡಿನದ್ದೇ ಬರುತ್ತದಾ?

ಪ್ಯಾಡ್‌ನಲ್ಲಿ ಪ್ಯಾಂಟೋನ್ ಸಂಖ್ಯೆ (ಮುದ್ರಕರು ಬಣ್ಣ ಗುರುತಿಸಲು ಬಳಸುವ ಸಂಖ್ಯೆ) ಕೊಟ್ಟರೆ ಇಂಕ್ ಬೆರೆಸಿ ತೀರಾ ಹತ್ತಿರ ತರುತ್ತೇವೆ. ಡಿಜಿಟಲ್‌ನಲ್ಲಿ ನಾಲ್ಕು ಮೂಲ ಬಣ್ಣಗಳಿಂದ ಕಟ್ಟುವುದರಿಂದ ಕಡು ಕಿತ್ತಳೆ, ಹೊಳೆಯುವ ಹಸಿರು ಮಂಕಾಗಬಹುದು. ಮೊಬೈಲ್ ಪರದೆಯ ಬಣ್ಣ ನೋಡಿ ತೀರ್ಮಾನಿಸಬೇಡಿ. ಹಳದಿ ಚೆಂಡಿನ ಮೇಲೆ ನೀಲಿ ಹಾಕಿದರೆ ಹಸಿರು ಛಾಯೆ ಬರುತ್ತದೆ, ಅಡಿಗೆ ಬಿಳಿ ಪದರ ಬೇಕು.

ಚಿನ್ನದ ಬಣ್ಣದ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳಿಬಿಡುತ್ತೇವೆ: ಡಬ್ಬಿಯ ಮೇಲೆ ಹೊಳೆಯುವ ಚಿನ್ನ ಚೆಂಡಿನ ಮೇಲೆ ಬರುವುದಿಲ್ಲ. ಡಬ್ಬಿಯದ್ದು ಬಿಸಿ ಅಚ್ಚಿನಿಂದ ಒತ್ತಿದ ಫಾಯಿಲ್, ಕನ್ನಡಿಯಂತೆ ಹೊಳೆಯುತ್ತದೆ. ಚೆಂಡಿನದ್ದು ಲೋಹದ ಪುಡಿ ಬೆರೆಸಿದ ಇಂಕ್, ಹಿತ್ತಾಳೆಯ ಮಂದ ಬಣ್ಣ.

ನಾಲ್ಕು ಹೊಡೆತಕ್ಕೆ ಲೋಗೋ ಕಿತ್ತುಬರಲ್ವಾ?

ಸರಿಯಾಗಿ ಹಾಕಿದ್ದರೆ ಇಲ್ಲ, ಆದರೆ ಶಾಶ್ವತವೂ ಅಲ್ಲ. ಮುದ್ರಣಕ್ಕೆ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಚೆಂಡು ಒರೆಸುತ್ತೇವೆ. ಕೈಬೆರಳಿನ ಎಣ್ಣೆ ಅಂಟಿದ್ದರೆ ಇಂಕ್ ಹಿಡಿಯುವುದಿಲ್ಲ. ಕೆಲವು ಕೋಟಿಂಗ್‌ಗಳಿಗೆ ಪ್ರೈಮರ್ ಅಥವಾ ಪ್ಲಾಸ್ಮಾ ಉಪಚಾರ ಬೇಕು. ಪ್ಯಾಡ್ ಇಂಕ್‌ಗೆ ಗಟ್ಟಿಕಾರಕ ಬೆರೆಸುತ್ತೇವೆ, ಬೆರೆಸಿದ ಮೇಲೆ ಕೆಲವೇ ಗಂಟೆ ಅದರ ಆಯುಸ್ಸು. ಮುದ್ರಿಸಿದ ಕೆಲ ನಿಮಿಷಕ್ಕೆ ಮುಟ್ಟಿದರೆ ಅಂಟದು. ಆದರೆ ಒಳಗಿನ ರಾಸಾಯನಿಕ ಕ್ರಿಯೆ ಪೂರ್ತಿಯಾಗಿ ಗಟ್ಟಿಯಾಗಲು ಸಾಮಾನ್ಯ ಉಷ್ಣಾಂಶದಲ್ಲಿ 5-6 ದಿನ ಬೇಕು. ಜೋರು ಬಿಸಿ ಕೊಟ್ಟು ಅವಸರ ಮಾಡುವ ಹಾಗಿಲ್ಲ, ಅಯನೋಮರ್ ಹೊದಿಕೆ ಮೆತ್ತಗಾಗುತ್ತದೆ. ಪ್ರತಿ ಬ್ಯಾಚಿನಲ್ಲಿ ಒಂದು ಚೆಂಡನ್ನು ಬಲಿ ಕೊಡುತ್ತೇವೆ: ಬ್ಲೇಡಿನಿಂದ ಚೌಕುಳಿ ಗೀರು ಹಾಕಿ, ಟೇಪ್ ಅಂಟಿಸಿ, ರಪ್ಪನೆ ಕೀಳುವುದು. ಟೇಪಿಗೆ ಬಣ್ಣ ಬಂದರೆ ಬ್ಯಾಚ್ ನಿಲ್ಲಿಸುತ್ತೇವೆ.

ವೆಜ್ ಎಂಬ, ಚೆಂಡನ್ನು ಎತ್ತರಕ್ಕೆ ಹೊಡೆಯುವ ಗಾಲ್ಫ್ ಕೋಲಿನ ಮುಖದ ಗೆರೆಗಳು ಲೋಗೋ ಮೇಲೆಯೇ ಬಿದ್ದರೆ ಉಜ್ಜಿಹೋಗುವುದು ಸಹಜ. ಕೋಟಿಂಗ್ ಅಡಿಯಲ್ಲಿರುವ ಕಾರ್ಖಾನೆ ಮುದ್ರಣ ಇದಕ್ಕಿಂತ ಹೆಚ್ಚು ತಾಳುತ್ತದೆ.

ಲೋಗೋ ಇದ್ದರೆ ಚೆಂಡು ಹಾರುವುದು ಬದಲಾಗುತ್ತದಾ? ಟೂರ್ನಮೆಂಟಿನಲ್ಲಿ ಆಡಲು ಬಿಡುತ್ತಾರಾ?

ಇಂಕ್ ಪದರ ಮೈಕ್ರಾನ್‌ಗಳ ಲೆಕ್ಕದ್ದು, ಆಟಗಾರರಿಗೆ ತಿಳಿಯುವಂತಹ ವ್ಯತ್ಯಾಸ ಇರುವುದಿಲ್ಲ. ಗಾಲ್ಫ್ ನಿಯಮ ರೂಪಿಸುವ ಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ನಿಯಮದಲ್ಲಿ ಚೆಂಡಿನ ತೂಕ 45.93 ಗ್ರಾಂ ಮೀರಬಾರದು ಎಂದಿದೆ. ಮೂಲ ಚೆಂಡು ಅವರ ಮಾನ್ಯ ಪಟ್ಟಿಯಲ್ಲಿದ್ದರೆ ಕ್ಲಬ್ ಪಂದ್ಯಗಳಲ್ಲಿ ಲೋಗೋ ಚೆಂಡು ಸಾಮಾನ್ಯ ನೋಟ. ಅಂದಹಾಗೆ, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿ ತೆಳು. ಚೆನ್ನೈನಿಂದ ಬಂದ ಆಟಗಾರರು ಚೆಂಡು ದೂರ ಹೋಯಿತೆಂದು ಹಿಗ್ಗಿದರೆ ಶ್ರೇಯಸ್ಸು ನಮ್ಮ ಲೋಗೋಗೆ ಸಲ್ಲದು.

ದೇವರ ಚಿತ್ರ, ಬಾವುಟ, ಬೇರೆಯವರ ಲೋಗೋ ಹಾಕಿಕೊಡ್ತೀರಾ?

ರಾಷ್ಟ್ರಧ್ವಜ ಇಲ್ಲ, ಸಾರನಾಥದ ಸಿಂಹ ಲಾಂಛನ ಇಲ್ಲ. 1971ರ ರಾಷ್ಟ್ರ ಗೌರವ ಕಾಯ್ದೆ ಮತ್ತು ಲಾಂಛನ ಕುರಿತ 2005ರ ಕಾಯ್ದೆ ಇದಕ್ಕೆಂದೇ ಇವೆ. ದೇವರ ಚಿತ್ರಕ್ಕೆ ಕಾನೂನಿಗಿಂತ ಮೊದಲು ಮನಸ್ಸು ಒಪ್ಪುವುದಿಲ್ಲ. ಕೋಲಿನಿಂದ ಬಾರಿಸಿ ಕೆರೆಗೆ ಬೀಳಿಸುವ ವಸ್ತುವಿನ ಮೇಲೆ ಗಣಪನನ್ನು ಕೂರಿಸುವುದು ಹೇಗೆ? ಡಬ್ಬಿಯ ಮುಚ್ಚಳದ ಒಳಗೆ ಹಾಕಿಸಿಕೊಳ್ಳಿ. ಬೇರೆ ಕಂಪನಿಯ ಅಥವಾ ಐಪಿಎಲ್ ತಂಡದ ಲೋಗೋಗೆ ಅವರ ಲಿಖಿತ ಅನುಮತಿ ತನ್ನಿ.

ಒಂದು ಸ್ಲೀವ್‌ಗೆ ಮೂರೇ ಚೆಂಡು ಯಾಕೆ?

ರೂಢಿ. ಸ್ಲೀವ್ ಎಂದರೆ ಚೆಂಡುಗಳು ಸಾಲಾಗಿ ಕೂರುವ ಚಿಕ್ಕ ಉದ್ದನೆಯ ಡಬ್ಬಿ. ಮೂರು ಚೆಂಡಿಗೆ ಒಂದು ಸ್ಲೀವ್, ನಾಲ್ಕು ಸ್ಲೀವ್‌ಗೆ ಒಂದು ಡಜನ್ ಡಬ್ಬಿ. ಚೆಂಡಿನ ಮೇಲೆ ಬ್ರ್ಯಾಂಡ್ ಹೆಸರಿನ ಕೆಳಗೆ ಕಾಣುವ 1ರಿಂದ 4ರವರೆಗಿನ ಅಂಕಿ ಆಟದಲ್ಲಿ ಯಾರ ಚೆಂಡು ಯಾವುದೆಂದು ಗುರುತಿಸಲು. ಸಾಮಾನ್ಯವಾಗಿ ಒಂದು ಸ್ಲೀವ್‌ನ ಮೂರಕ್ಕೂ ಒಂದೇ ಅಂಕಿ. ಮುದ್ರಣಕ್ಕೆಂದು ಹೊರತೆಗೆದ ಚೆಂಡುಗಳನ್ನು ಮತ್ತೆ ಅದೇ ಅಂಕಿಯ ಜೊತೆ ಸೇರಿಸಿ ತುಂಬುವುದು ನಮ್ಮ ಪ್ಯಾಕಿಂಗ್ ಹೆಣ್ಣುಮಕ್ಕಳ ತಾಳ್ಮೆಯ ಕೆಲಸ. ಬೆರಕೆಯಾದ ಸ್ಲೀವ್ ನೋಡಿದರೆ ಆಡುವವರು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಡಬ್ಬಿ ಹೇಗೆ ತಯಾರಾಗುತ್ತದೆ?

ಮೊದಲು ಡೈಲೈನ್, ಅಂದರೆ ಡಬ್ಬಿಯನ್ನು ಬಿಚ್ಚಿ ಹಾಸಿದರೆ ಹೇಗಿರುತ್ತದೋ ಆ ನಕ್ಷೆ. ಎಲ್ಲಿ ಕತ್ತರಿ, ಎಲ್ಲಿ ಮಡಿಕೆ, ಎಲ್ಲಿ ಗೋಂದು ಎಂದು ಅದರಲ್ಲಿರುತ್ತದೆ. ನಿಮ್ಮ ಡಿಸೈನರ್ ಅದರ ಮೇಲೆಯೇ ಚಿತ್ರ ಕೂರಿಸಬೇಕು, ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಚಾಚಿದ ಬಣ್ಣ) ಬಿಡಬೇಕು. ಮಡಿಸಿದಾಗ ಯಾವ ಮುಖ ತಲೆಕೆಳಗಾಗುತ್ತದೆ ಎಂದು ಕಾಗದದಲ್ಲಿ ಮಾಡಿ ನೋಡದೆ ಫೈಲ್ ಕಳಿಸುವುದು ಅಪಾಯ.

ಬೋರ್ಡು ಸಾಮಾನ್ಯವಾಗಿ 300ರಿಂದ 350 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ). ಹಿಂಬದಿ ಬೂದು ಬಣ್ಣದ ಡುಪ್ಲೆಕ್ಸ್ ಅಗ್ಗ, ಎರಡೂ ಬದಿ ಬಿಳಿಯ ಬೋರ್ಡು ದುಬಾರಿ. ಡಬ್ಬಿ ತೆರೆದಾಗ ಒಳಮೈ ಕಾಣುವುದರಿಂದ ಗಿಫ್ಟಿಗೆ ಬಿಳಿಯದ್ದೇ ಲೇಸು. ಸುಲ್ತಾನ್‌ಪೇಟೆಯಲ್ಲಿ ಮದುವೆ ಪತ್ರಿಕೆ ಮಾಡಿಸಿದವರಿಗೆ ಮುಂದಿನ ಹಂತಗಳು ಗೊತ್ತೇ ಇರುತ್ತವೆ: ಆಫ್‌ಸೆಟ್ ಮುದ್ರಣ, ಮಂದ (ಮ್ಯಾಟ್) ಅಥವಾ ಹೊಳಪಿನ (ಗ್ಲಾಸಿ) ಲ್ಯಾಮಿನೇಶನ್, ಬೇಕೆಂದರೆ ಫಾಯಿಲ್, ಉಬ್ಬು ಅಚ್ಚು, ಸ್ಪಾಟ್ ಯುವಿ (ಆಯ್ದ ಜಾಗಕ್ಕೆ ಮಾತ್ರ ಹೊಳಪು). ಆಮೇಲೆ ಡೈ ಕಟಿಂಗ್. ಪ್ಲೈವುಡ್ ಹಲಗೆಯಲ್ಲಿ ಉಕ್ಕಿನ ಪಟ್ಟಿಗಳನ್ನು ನೆಟ್ಟು ಡೈ ಮಾಡಿರುತ್ತಾರೆ; ಚೂಪು ಪಟ್ಟಿ ಕತ್ತರಿಸುತ್ತದೆ, ಮೊಂಡು ಪಟ್ಟಿ ಮಡಿಕೆಯ ಗೆರೆ ಮೂಡಿಸುತ್ತದೆ. ಕಾಗದದ ನಾರು ಯಾವ ದಿಕ್ಕಿಗಿದೆ ಎಂದು ನೋಡದೆ ಮಡಿಕೆ ಹಾಕಿದರೆ ಅಂಚಿನಲ್ಲಿ ಬಣ್ಣ ಬಿರುಕು ಬಿಡುತ್ತದೆ, ಕಪ್ಪು ಡಬ್ಬಿಯಲ್ಲಂತೂ ಬಿಳಿ ಬಿರುಕು ಎದ್ದು ಕಾಣುತ್ತದೆ. ಕೊನೆಗೆ ಗೋಂದು.

ಹನ್ನೆರಡು ಚೆಂಡಿನ ತೂಕ ಅರ್ಧ ಕಿಲೋ ದಾಟುತ್ತದೆ, ಸುಮಾರು 550 ಗ್ರಾಂ. ಸ್ಲೀವ್‌ಗೆ ಮಾಮೂಲಿ ಮುಚ್ಚಳ ಸಾಕು. ಡಜನ್ ಡಬ್ಬಿಯ ತಳ ಮಾತ್ರ ಲಾಕ್ ಆಗುವಂಥದ್ದಿರಬೇಕು, ಇಲ್ಲವೆಂದರೆ ಎತ್ತಿದಾಗ ಚೆಂಡುಗಳು ನೆಲದಲ್ಲಿ ಕುಣಿಯುತ್ತವೆ. ಆಯಸ್ಕಾಂತದ ಮುಚ್ಚಳವಿರುವ ದಪ್ಪ ಡಬ್ಬಿ ಬೇಕೆಂದರೆ ಅದು ಬೇರೆಯೇ ಜಾತಿ: ಬೂದು ಕಪ್ಪಾ ಬೋರ್ಡಿಗೆ ಮುದ್ರಿಸಿದ ಕಾಗದ ಹೊದಿಸುವುದು, ಒಳಗೆ ಚೆಂಡು ಕೂರಲು ಗುಳಿ ಕೊರೆದ ಫೋಮ್. ಇದರಲ್ಲಿ ಬಹುಪಾಲು ಕೈಕೆಲಸ.

ಇಪ್ಪತ್ತೇ ಡಬ್ಬಿ ಬೇಕು, ಆಗುತ್ತಾ?

ಆಗುತ್ತದೆ, ನಮ್ಮಲ್ಲಿರುವ ಡೈ ಅಳತೆಯನ್ನೇ ಒಪ್ಪಿಕೊಂಡರೆ. ಮುದ್ರಣ ಡಿಜಿಟಲ್ ಪ್ರೆಸ್‌ನಲ್ಲಿ. ಇನ್ನೂ ಅಗ್ಗದ ಉಪಾಯ: ಬ್ರ್ಯಾಂಡಿನ ಮೂಲ ಡಬ್ಬಿಗೆ ನಿಮ್ಮ ಮುದ್ರಿತ ಪಟ್ಟಿ ಸುತ್ತುವುದು. ನೋಡಲು ಏನೂ ಕಡಿಮೆಯಿಲ್ಲ.

ಪ್ಲಾಸ್ಟಿಕ್ ಬೇಡ ಅಂದರೆ?

ಲ್ಯಾಮಿನೇಶನ್ ಬದಲು ನೀರು ಆಧಾರಿತ ವಾರ್ನಿಶ್, ಪಾರದರ್ಶಕ ಕಿಟಕಿ ಬದಲು ಬರೀ ಕಂಡಿ, ಫೋಮ್ ಬದಲು ಮಡಿಸಿದ ಬೋರ್ಡು. ಹೊಳಪು ಸ್ವಲ್ಪ ಕಡಿಮೆ. ನಾವು ಇದನ್ನೇ ಶಿಫಾರಸು ಮಾಡುತ್ತೇವೆ.

ಡಬ್ಬಿಯ ಮೇಲೆ ಎಂಆರ್‌ಪಿ ಹಾಕಲೇಬೇಕಾ?

ಅಂಗಡಿಯಲ್ಲಿ ಮಾರುವುದಾದರೆ ಹೌದು. ಆಮದುದಾರರ ವಿಳಾಸ, ಯಾವ ದೇಶದ್ದು, ಯಾವ ತಿಂಗಳು ಇತ್ಯಾದಿ ವಿವರಗಳ ಜೊತೆಗೆ. ಮಾರದೆ ಉಡುಗೊರೆಯಾಗಿ ಹಂಚುವ ಡಬ್ಬಿಯ ವಿನ್ಯಾಸದಲ್ಲಿ ಅದಕ್ಕೆ ಜಾಗ ಬಿಡುವ ಗೋಜಿಲ್ಲ.

ಎಷ್ಟು ದಿನ ಮೊದಲು ಹೇಳಬೇಕು?

ಬರೀ ಚೆಂಡಾದರೆ ಪ್ರೂಫ್ ಒಪ್ಪಿದ ಮೇಲೆ ಒಂದೂವರೆ ವಾರ. ಹೊಸ ಡಬ್ಬಿಯೂ ಸೇರಿದರೆ ಮೂರು ವಾರ. ದಸರಾ ಹೊತ್ತಿಗೆ ಇದಕ್ಕೆ ಒಂದು ವಾರ ಸೇರಿಸಿಕೊಳ್ಳಿ. ಡೈರಿ, ಕ್ಯಾಲೆಂಡರ್, ಸ್ವೀಟ್ ಬಾಕ್ಸ್ ಎಲ್ಲ ಒಟ್ಟಿಗೆ ಪ್ರೆಸ್‌ಗಳಿಗೆ ಮುಗಿಬೀಳುವ ಸಮಯ ಅದು. ಆಯುಧ ಪೂಜೆಯ ದಿನ ಯಾರೇ ಹೇಳಿದರೂ ಮೆಷಿನ್ ಮುಟ್ಟುವುದಿಲ್ಲ, ಅರಿಶಿನ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುವುದಷ್ಟೇ ಕೆಲಸ.

"ನಾಳೆ ಬೇಕು, ಒಣಗದಿದ್ದರೂ ಪರವಾಗಿಲ್ಲ" ಎನ್ನುವವರಿದ್ದಾರೆ. ಹಸಿ ಇಂಕಿನ ಚೆಂಡನ್ನು ಸ್ಲೀವ್‌ಗೆ ತುಂಬಿದರೆ ಲೋಗೋ ಬೋರ್ಡಿನ ಒಳಮೈಗೆ ಅಂಟಿಕೊಂಡು ಚೆಂಡು ಬೋಳಾಗಿ ಹೊರಬರುತ್ತದೆ. ಅಂಥ ಕೆಲಸ ಒಪ್ಪಿಕೊಳ್ಳುವುದಿಲ್ಲ.

ಕೆಲವು ಚೆಂಡು ಹಾಳಾದರೆ ಲೆಕ್ಕ ಯಾರದು?

ನಮ್ಮದು. ಪ್ಯಾಡ್ ಇಂಕ್ ಹಸಿ ಇರುವಾಗ ದ್ರಾವಕದಿಂದ ಒರೆಸಿ ಮತ್ತೆ ಹಾಕಬಹುದು, ಗಟ್ಟಿಯಾದ ಮೇಲೆ ಒರೆಸಿದರೆ ಚೆಂಡಿನ ಹೊಳಪೂ ಹೋಗುತ್ತದೆ. ನೀವೇ ಚೆಂಡು ತಂದುಕೊಡುವುದಾದರೆ ಮೆಷಿನ್ ಸೆಟ್ಟಿಂಗಿಗೆ ಒಂದು ಡಜನ್ ಹೆಚ್ಚುವರಿ ಕೊಡಿ.

ಹಳೆಯ ಅಥವಾ ಕೆರೆಯಿಂದ ತೆಗೆದ ಚೆಂಡಿಗೆ ಹಾಕಿಕೊಡ್ತೀರಾ?

ಪ್ರದರ್ಶನಕ್ಕೆ ಇಡುವುದಾದರೆ ಹಾಕುತ್ತೇವೆ, ಆಡುವುದಕ್ಕಲ್ಲ. ಮತ್ತೆ ಬಣ್ಣ ಬಳಿದು ಹೊಸದರಂತೆ ಮಾಡಿದ ಚೆಂಡುಗಳಲ್ಲಿ ನಮ್ಮ ಇಂಕ್ ಗಟ್ಟಿಯಾಗಿಯೇ ಹಿಡಿದಿರುತ್ತದೆ, ಅಡಿಯ ಬಣ್ಣವೇ ಸಿಪ್ಪೆಯಾಗಿ ಏಳುತ್ತದೆ. ಇನ್ನು ಅಪ್ಪ ಹೋಲ್-ಇನ್-ಒನ್ (ಒಂದೇ ಹೊಡೆತಕ್ಕೆ ಕುಳಿಗೆ) ಹೊಡೆದ ಚೆಂಡಿಗೆ ದಿನಾಂಕ ಹಾಕಿಕೊಡಿ ಎಂದು ಒಂದೇ ಚೆಂಡು ತರುವವರಿಗೆ: ತನ್ನಿ, ಡಿಜಿಟಲ್‌ನಲ್ಲಿ ಹಾಕುತ್ತೇವೆ. ಚೆಂಡನ್ನು ಮಾತ್ರ ತೊಳೆಯಬೇಡಿ, ಕೆಸರಿನ ಗುರುತು ಬಿಟ್ಟು ಉಳಿದ ಜಾಗದಲ್ಲಿ ಎಲ್ಲಿ ಹಾಕಬೇಕೆಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿ ಕೊಡಿ.